ಎರಡರ ಅರವತ್ತನಾಲ್ಕನೆಯ ಘಾತಕ್ಕೆ ಒಂದು ಕಡಿಮೆ

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳು, ಒಂದು ವಾಕ್ಯದಲ್ಲಿ ಒಂದು ಪದ ಎಷ್ಟನೆಯ ಸ್ಥಾನದಲ್ಲಿದೆ ಎಂದು ಹುಡುಕುವ ಪುಟ್ಟ ಪ್ರೋಗ್ರಾಮನ್ನು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದಿದ್ದಳು. ವಾಕ್ಯದಲ್ಲಿ ಇಲ್ಲದ ಪದವನ್ನು ಕೊಟ್ಟಾಗ ಪರದೆಯ ಮೇಲೆ 18446744073709551615 ಎಂದು ಬಂತು. ಅದನ್ನು ನೋಡಿದ ನನ್ನ ತಂದೆಯವರು, ಇದು ಚದುರಂಗದ ಮಣೆಯ ಮೇಲಿಟ್ಟ ಕಾಳುಗಳ ಲೆಕ್ಕವಲ್ಲವೇ ಎಂದರು. ಎರಡೂ ಒಂದೇ ಆಗಿರುವುದು ಕಾಕತಾಳೀಯವೇ? ಈ ಸಂಖ್ಯೆಗೆ ಬೇರೆ ವಿಶೇಷಗಳೇನಾದರೂ ಇವೆಯೇ? 5ರಿಂದ ಭಾಗವಾಗುತ್ತದೆ ಎಂಬುದು ನೋಡಿದರೇ ತಿಳಿಯುತ್ತದೆ. ಉಳಿದ ಅಪವರ್ತನಗಳನ್ನು ಹುಡುಕಲು ಹೊರಟರೆ ಫೋನಿನ ಕ್ಯಾಲ್ಕುಲೇಟರ್ ಕೊನೆಯ ಅಂಕೆಗಳನ್ನೆಲ್ಲ ಸೊನ್ನೆ ಮಾಡಿಬಿಡುತ್ತದೆ.

ಉತ್ತರ: ತಮ್ಮ ತಂದೆಯವರು ಹೇಳಿದ್ದು ಸರಿ, ಮತ್ತು ಇದು ಕಾಕತಾಳೀಯವೂ ಅಲ್ಲ. ನಮ್ಮ ಪದ್ಧತಿಯಲ್ಲಿ ಅಲ್ಪವಿರಾಮ ಹಾಕಿ ಬರೆದರೆ 1,84,46,74,40,73,70,95,51,615 ಎಂದಾಗುವ ಈ ಸಂಖ್ಯೆ, 2ನ್ನು 64 ಬಾರಿ ಗುಣಿಸಿದಾಗ ಬರುವ ಸಂಖ್ಯೆಗಿಂತ, ಅಂದರೆ 2⁶⁴ಕ್ಕಿಂತ, ಒಂದು ಕಡಿಮೆ. ಇದರ ಉಳಿದೆಲ್ಲ ಗುಣಗಳೂ ಈ ಒಂದು ಮಾತಿನಿಂದಲೇ ಹೊರಡುತ್ತವೆ.

ಮೊದಲು ಮಗಳ ಪ್ರೋಗ್ರಾಮಿನ ವಿಷಯ. ಇಂದಿನ ಕಂಪ್ಯೂಟರುಗಳು ಪೂರ್ಣಾಂಕವೊಂದನ್ನು ಸಾಮಾನ್ಯವಾಗಿ 64 ಬಿಟ್‌ಗಳಲ್ಲಿ, ಅಂದರೆ ಸೊನ್ನೆ ಅಥವಾ ಒಂದನ್ನು ಮಾತ್ರ ಹಿಡಿಸಬಲ್ಲ 64 ಮನೆಗಳಲ್ಲಿ ಇಡುತ್ತವೆ. ಋಣ ಸಂಖ್ಯೆಗಳಿಗೆ ಜಾಗವಿಲ್ಲದ ಪ್ರಕಾರದಲ್ಲಿ ಅಷ್ಟೂ ಮನೆಗಳಲ್ಲಿ 1 ತುಂಬಿದಾಗ ಸಿಗುವ ಅತಿ ದೊಡ್ಡ ಬೆಲೆಯೇ ಈ ಸಂಖ್ಯೆ. ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರನ್ನು ನೆನೆಯಿರಿ: 00000 ತೋರಿಸುತ್ತಿರುವಾಗ ಚಕ್ರವನ್ನು ಒಂದು ಹೆಜ್ಜೆ ಹಿಂದಕ್ಕೆ ತಿರುಗಿಸಿದರೆ ಅದು 99999 ತೋರಿಸುತ್ತದೆ, ಏಕೆಂದರೆ ಋಣ ಒಂದನ್ನು ತೋರಿಸಲು ಅದಕ್ಕೆ ಬೇರೆ ದಾರಿಯಿಲ್ಲ. ಕಂಪ್ಯೂಟರಿನ ಮೀಟರಿನಲ್ಲಿ 64 ಚಕ್ರಗಳಿದ್ದು ಪ್ರತಿಯೊಂದರಲ್ಲೂ ಎರಡೇ ಅಂಕೆಗಳಿರುವುದರಿಂದ, ಅಲ್ಲಿ ಸೊನ್ನೆಯಿಂದ ಒಂದು ಕಳೆದರೆ ಬರುವುದು ಎಲ್ಲವೂ 1 ಆಗಿರುವ ಸಾಲು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಹುಡುಕಿದ ಪದ ಸಿಗದಿದ್ದಾಗ ಹಿಂದಿರುಗುವ ಬೆಲೆಗೆ ಎನ್‌ಪಾಸ್ ಎಂದು ಹೆಸರು. ಅದನ್ನು –1 ಎಂದೇ ವ್ಯಾಖ್ಯಾನಿಸಿ, ಋಣ ಚಿಹ್ನೆಯಿಲ್ಲದ ಪ್ರಕಾರದಲ್ಲಿ ಇಟ್ಟಿದ್ದಾರೆ. ಮಗಳು ಮುದ್ರಿಸುವ ಮೊದಲು ಬೆಲೆಯನ್ನು ಎನ್‌ಪಾಸ್‌ನೊಂದಿಗೆ ಹೋಲಿಸಿ ನೋಡಿದರೆ ಸಾಕು, ಈ ದೈತ್ಯ ಸಂಖ್ಯೆ ಮತ್ತೆ ಪರದೆಗೆ ಬರುವುದಿಲ್ಲ. 32 ಬಿಟ್‌ನ ಹಳೆಯ ಯಂತ್ರದಲ್ಲಾಗಿದ್ದರೆ ಅವಳಿಗೆ ಕಾಣುತ್ತಿದ್ದುದು 4294967295. ಈ ಚಿಕ್ಕ ತಮ್ಮನನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತಾನೆ.

ಚದುರಂಗದ ಮಣೆಯಲ್ಲಿಯೂ 64 ಮನೆಗಳು. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ದ್ವಿಗುಣಗೊಳಿಸುತ್ತ ಹೋದರೆ ಒಟ್ಟು ಎಷ್ಟು ಎಂಬುದಕ್ಕೆ ಸೂತ್ರವೇ ಬೇಕಿಲ್ಲ. ನೆರೆಮನೆಯಿಂದ ಒಂದು ಕಾಳು ಕಡ ತಂದು ಮೊದಲ ಮನೆಯ ಕಾಳಿಗೆ ಸೇರಿಸಿ, ಎರಡಾಯಿತು. ಅದನ್ನು ಎರಡನೆಯ ಮನೆಯ ಎರಡಕ್ಕೆ ಸೇರಿಸಿದರೆ ನಾಲ್ಕು, ಮೂರನೆಯ ಮನೆಯ ನಾಲ್ಕಕ್ಕೆ ಸೇರಿಸಿದರೆ ಎಂಟು. ಹೀಗೆ ಮಣೆಯುದ್ದಕ್ಕೂ ಸಾಗಿ ಕೊನೆಯ ಮನೆಯನ್ನು ದಾಟಿದಾಗ ಕೈಯಲ್ಲಿ ಸರಿಯಾಗಿ 2⁶⁴ ಕಾಳುಗಳಿರುತ್ತವೆ. ಕಡ ತಂದ ಒಂದನ್ನು ಹಿಂದಿರುಗಿಸಿದರೆ ಉಳಿಯುವುದೇ ನಮ್ಮ ಸಂಖ್ಯೆ. ಕಂಪ್ಯೂಟರಿನ ಮನೆಗಳೂ ಬಲದಿಂದ ಎಡಕ್ಕೆ 1, 2, 4, 8 ಎಂಬ ಬೆಲೆಗಳನ್ನೇ ಹೊತ್ತಿರುವುದರಿಂದ, ಎಲ್ಲ ಬಿಟ್‌ಗಳಲ್ಲಿ 1 ತುಂಬುವುದೂ ಮಣೆಯ ಎಲ್ಲ ಮನೆಗಳಲ್ಲಿ ಕಾಳು ತುಂಬುವುದೂ ಅಕ್ಷರಶಃ ಒಂದೇ ಲೆಕ್ಕ.

ಈ ಮೊತ್ತವನ್ನು ಸುಮಾರು 1000ನೆಯ ಇಸವಿಯಲ್ಲಿಯೇ ವಿದ್ವಾಂಸ ಅಲ್‌ಬಿರೂನಿ ಲೆಕ್ಕ ಹಾಕಿ ಬರೆದಿಟ್ಟಿದ್ದಾನೆ. ಚದುರಂಗವನ್ನು ರೂಪಿಸಿದ್ದಕ್ಕೆ ರಾಜನಿಂದ ಬಹುಮಾನವಾಗಿ ಕಾಳು ಬೇಡಿದ ಸಿಸ್ಸನ ಕಥೆಯನ್ನು 13ನೆಯ ಶತಮಾನದಲ್ಲಿ ಚರಿತ್ರಕಾರ ಇಬ್ನ್ ಖಲ್ಲಿಕಾನ್ ದಾಖಲಿಸಿದ. ಒಂದು ಅಕ್ಕಿ ಕಾಳಿಗೆ 20 ಮಿಲಿಗ್ರಾಂ ಎಂದು ಹಿಡಿದರೂ ಒಟ್ಟು ತೂಕ ಸುಮಾರು 36,900 ಕೋಟಿ ಟನ್ ಆಗುತ್ತದೆ. ಇಂದು ಜಗತ್ತು ಒಂದು ವರ್ಷದಲ್ಲಿ ಬೆಳೆಯುವ ಅಕ್ಕಿ 50 ಕೋಟಿ ಟನ್ನಿನ ಆಸುಪಾಸಿನಲ್ಲಿರುವುದರಿಂದ, ಆ ರಾಜ ಮಾತು ಉಳಿಸಿಕೊಳ್ಳಲು ಇಡೀ ಭೂಮಿಯ ಏಳು ನೂರು ವರ್ಷಗಳ ಫಸಲು ಬೇಕು.

ಇದೇ ಸಂಖ್ಯೆ ಕಾಶಿಯ ಹೆಸರಿನಲ್ಲಿಯೂ ಓಡಾಡುತ್ತದೆ. ಅಲ್ಲಿನ ದೇವಾಲಯವೊಂದರಲ್ಲಿ ಅರ್ಚಕರು 64 ಚಿನ್ನದ ಬಿಲ್ಲೆಗಳನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದಾರೆ, ದೊಡ್ಡದನ್ನು ಚಿಕ್ಕದರ ಮೇಲೆ ಇಡುವಂತಿಲ್ಲ, ಕೆಲಸ ಮುಗಿದ ದಿನ ಪ್ರಳಯ, ಎಂಬ ಕಥೆಯನ್ನು ತಾವು ಕೇಳಿರಬಹುದು. ಅದು ಕಾಶಿಯ ಐತಿಹ್ಯವಲ್ಲ; 1883ರಲ್ಲಿ ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ ತಾನು ಮಾರುಕಟ್ಟೆಗೆ ಬಿಟ್ಟ ‘ಹನೋಯ್ ಗೋಪುರ’ ಎಂಬ ಆಟದ ಸಾಮಾನಿನ ಸುತ್ತ ಕಟ್ಟಿದ ಕಥೆ ಅದು. ಕನಿಷ್ಠ ಚಲನೆಗಳ ಸಂಖ್ಯೆ ಮಾತ್ರ ನಿಜವಾಗಿಯೂ 2⁶⁴ – 1. ಸೆಕೆಂಡಿಗೆ ಒಂದರಂತೆ ಬಿಡುವಿಲ್ಲದೆ ಸಾಗಿಸಿದರೂ ಸುಮಾರು 58,454 ಕೋಟಿ ವರ್ಷ ಬೇಕು. ವಿಶ್ವದ ಈಗಿನ ವಯಸ್ಸು ಸುಮಾರು 1,380 ಕೋಟಿ ವರ್ಷ. ನಮ್ಮ ಪುರಾಣಗಳ ಒಂದು ಕಲ್ಪ 432 ಕೋಟಿ ವರ್ಷ. ಬ್ರಹ್ಮನ 135 ಹಗಲುಗಳು ಕಳೆದರೂ ಅರ್ಚಕರ ಕೆಲಸ ಮುಗಿದಿರುವುದಿಲ್ಲ.

ನಿಜವಾದ ಭಾರತೀಯ ನಂಟು ಬೇರೆಡೆ ಇದೆ. ಛಂದಸ್ಸಿನ ಪ್ರಸ್ತಾರದಲ್ಲಿ, ಎಂದರೆ ಲಘು ಗುರುಗಳ ಎಲ್ಲ ವಿನ್ಯಾಸಗಳನ್ನೂ ಸಾಲುಸಾಲಾಗಿ ಬರೆಯುವ ಕ್ರಮದಲ್ಲಿ, ಪ್ರತಿಯೊಂದು ಅಕ್ಷರವೂ ಲಘು ಅಥವಾ ಗುರು. ಆದ್ದರಿಂದ 64 ಅಕ್ಷರಗಳ, ಎಂದರೆ ಎರಡು ಅನುಷ್ಟುಪ್ ಶ್ಲೋಕಗಳಷ್ಟು ಉದ್ದದ ಸಾಲಿಗೆ ಯಾವ ನಿಯಮವನ್ನೂ ಹೇರದಿದ್ದರೆ 2⁶⁴ ವಿನ್ಯಾಸಗಳು ಸಾಧ್ಯ. ಪ್ರಸ್ತಾರದ ಮೊದಲ ಸಾಲಾದ ಸರ್ವಗುರುವನ್ನು ಬಿಟ್ಟರೆ ಉಳಿಯುವುದು ನಮ್ಮ ಸಂಖ್ಯೆ. ಇಷ್ಟು ದೊಡ್ಡ ಘಾತವನ್ನು 63 ಸಲ ಗುಣಿಸದೆ ಪಡೆಯುವ ಕ್ರಮವನ್ನೂ ಪ್ರಾಚೀನ ಛಂದಶ್ಶಾಸ್ತ್ರಜ್ಞ ಪಿಂಗಲನ ಸೂತ್ರಗಳು ಹೇಳುತ್ತವೆ: ಘಾತ ಸಮವಾಗಿದ್ದರೆ ಅರ್ಧಿಸಿ ವರ್ಗ ಮಾಡು, ಬೆಸವಾಗಿದ್ದರೆ ಒಂದು ಕಳೆದು ದ್ವಿಗುಣಿಸು. 64ಕ್ಕೆ ಈ ಕ್ರಮ ಎಷ್ಟು ಸೊಗಸಾಗಿ ಹೊಂದುತ್ತದೆಂದರೆ ಆರೇ ವರ್ಗಗಳಲ್ಲಿ ಕೆಲಸ ಮುಗಿಯುತ್ತದೆ: 2, 4, 16, 256, 65536, 4294967296, ಕೊನೆಗೆ 18446744073709551616. ಕಂಪ್ಯೂಟರುಗಳು ಇಂದಿಗೂ ಘಾತಗಳನ್ನು ಬಹುಪಾಲು ಹೀಗೆಯೇ ಲೆಕ್ಕ ಹಾಕುತ್ತವೆ.

ಇದನ್ನು ಓದುವುದು ಹೇಗೆ ಎಂದು ಮೊಮ್ಮಗಳು ಕೇಳಿದರೆ ತಮ್ಮ ತಂದೆಯವರು ಮಹಾವೀರಾಚಾರ್ಯನ ನೆರವು ಪಡೆಯಬಹುದು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಆರಂಭವಾಗುವ ಅವನ ‘ಗಣಿತಸಾರಸಂಗ್ರಹ’ದಲ್ಲಿ, ಸುಮಾರು 850ರ ಹೊತ್ತಿಗೇ, ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರಿದೆ. ನಮಗೆ ಬೇಕಾದದ್ದು ಇಪ್ಪತ್ತೇ. ಮೊದಲ ಅಂಕೆ 1 ಮಹಾಶಂಖದ ಸ್ಥಾನದಲ್ಲಿ, ಅದರ ಬಲಕ್ಕಿರುವ 8 ಶಂಖದಲ್ಲಿ, ಬಳಿಕ ಮಹಾಕ್ಷೋಣಿ, ಕ್ಷೋಣಿ, ಮಹಾಪದ್ಮ, ಪದ್ಮ, ಮಹಾಖರ್ವ, ಖರ್ವ ಎಂದು ಇಳಿಯುತ್ತ ಬರುತ್ತದೆ. ‘ಒಂದು ಲಕ್ಷದ ಎಂಬತ್ತನಾಲ್ಕು ಸಾವಿರ ಚಿಲ್ಲರೆ ಕೋಟಿ ಕೋಟಿ’ ಎನ್ನುವುದಕ್ಕಿಂತ ಇದು ಎಷ್ಟೋ ಚೆಂದ ಎಂಬುದು ನನ್ನ ಅಭಿಪ್ರಾಯ.

ಇನ್ನು ಅಪವರ್ತನಗಳು; ನನ್ನ ದೃಷ್ಟಿಯಲ್ಲಿ ತಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ಅಂಕೆಗಳನ್ನು ಕೂಡಿಸಿದರೆ 87 ಬರುತ್ತದೆ. ಅದು 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. ಹಾಗಾಗಿ 3 ಒಂದು ಅಪವರ್ತನ, 5 ಇನ್ನೊಂದು. ಆದರೆ ಈ ಬಗೆಯ ಪರೀಕ್ಷೆಗಳು ಹೆಚ್ಚು ದೂರ ಒಯ್ಯುವುದಿಲ್ಲ. ದಶಮಾನದ ಉಡುಪನ್ನು ಕಳಚಿ, ಸಂಖ್ಯೆಯನ್ನು 64 ಒಂದುಗಳ ಸಾಲಾಗಿ ನೋಡಬೇಕು. ಎಂಟು ಒಂಬತ್ತುಗಳ 99999999ನ್ನು ಎರಡೆರಡರ ಕಂತೆ ಮಾಡಿದರೆ ಪ್ರತಿಯೊಂದು ಕಂತೆಯೂ 99 ಆಗುವುದರಿಂದ ಇಡೀ ಸಂಖ್ಯೆ 99ರಿಂದ ಭಾಗವಾಗುತ್ತದೆ ಎಂಬುದು ಸ್ಪಷ್ಟ. ಅದೇ ರೀತಿ ದ್ವಿಮಾನದ 64 ಒಂದುಗಳನ್ನು ಎರಡೆರಡಾಗಿ ಕಟ್ಟಿದರೆ ಪ್ರತಿ ಕಂತೆಯ ಬೆಲೆ 3, ನಾಲ್ಕು ನಾಲ್ಕಾಗಿ ಕಟ್ಟಿದರೆ 15, ಎಂಟೆಂಟಾಗಿ 255, ಹದಿನಾರರಂತೆ 65535, ಮೂವತ್ತೆರಡರಂತೆ 4294967295. ನಮ್ಮ ಸಂಖ್ಯೆ ಇವೆಲ್ಲವುಗಳಿಂದಲೂ ನಿಶ್ಶೇಷವಾಗಿ ಭಾಗವಾಗಲೇಬೇಕು.

ಬೀಜಗಣಿತದಲ್ಲಿ ಇದು ಎಂಟನೆಯ ತರಗತಿಯ ಸೂತ್ರ. 2⁶⁴ ಎನ್ನುವುದು 2³²ರ ವರ್ಗ; ಎರಡು ವರ್ಗಗಳ ವ್ಯತ್ಯಾಸದ ನಿಯಮದಂತೆ 2⁶⁴ – 1 = (2³² – 1)(2³² + 1). ಎಡಗಡೆಯ ಆವರಣ ಮತ್ತೆ ಅದೇ ಆಕಾರದ್ದಾದ್ದರಿಂದ ಅದನ್ನೂ ಸೀಳಬಹುದು, ಅದರೊಳಗಿನದನ್ನೂ ಸೀಳಬಹುದು. 64 ಎಂಬುದೇ ಎರಡರ ಘಾತವಾಗಿರುವುದರಿಂದ ಈ ಸೀಳುವಿಕೆ ಕೊನೆಯವರೆಗೂ ಎಲ್ಲಿಯೂ ತಡೆಯಿಲ್ಲದೆ ಸಾಗಿ, 3 × 5 × 17 × 257 × 65537 × 4294967297 ಎಂದು ನಿಲ್ಲುತ್ತದೆ. ಇಪ್ಪತ್ತು ಅಂಕೆಗಳ ಸಂಖ್ಯೆಯೊಂದು ಒಂದೇ ಸೂತ್ರಕ್ಕೆ ಹೀಗೆ ಪದರ ಪದರವಾಗಿ ಬಿಚ್ಚಿಕೊಳ್ಳುವುದನ್ನು ನಾನು ತರಗತಿಯಲ್ಲಿ ಎಷ್ಟು ಸಲ ಮಾಡಿ ತೋರಿಸಿದ್ದರೂ ನನಗೆ ಬೇಸರವಾಗಿಲ್ಲ.

ಮೇಲೆ ಹೇಳಿದ ವರ್ಗಗಳ ಸಾಲಿನ (2, 4, 16, 256…) ಒಂದೊಂದಕ್ಕೂ ಒಂದು ಸೇರಿಸಿದಾಗ ಬರುವ ಇಂಥ ಸಂಖ್ಯೆಗಳಿಗೆ ಫರ್ಮಾ ಸಂಖ್ಯೆಗಳು ಎಂದು ಹೆಸರು; ಈ ಆರು ಅವುಗಳಲ್ಲಿ ಮೊದಲಿನವು. 1640ರಲ್ಲಿ ಪಿಯರ್ ದ ಫರ್ಮಾ ಈ ಸಾಲಿನ ಸಂಖ್ಯೆಗಳೆಲ್ಲವೂ ಅವಿಭಾಜ್ಯ ಎಂಬ ತನ್ನ ನಂಬಿಕೆಯನ್ನು ಪತ್ರಗಳಲ್ಲಿ ಬರೆದ. ಮೊದಲ ಐದು ನಿಜವಾಗಿಯೂ ಅವಿಭಾಜ್ಯ. ಆರನೆಯದಾದ 4294967297 ಹಾಗಲ್ಲ ಎಂದು ಆಯ್ಲರ್ 1732ರಲ್ಲಿ ತೋರಿಸಿಕೊಟ್ಟ; ಅದು 641 × 6700417. ಗುರುತಿಸಲಾಗಿರುವ ಫರ್ಮಾ ಅವಿಭಾಜ್ಯಗಳು ಇಂದಿಗೂ ಆ ಐದೇ. ಹೀಗಾಗಿ ತಾವು ಕೇಳಿದ ಸಂಖ್ಯೆಯ ಪೂರ್ಣ ವಿಭಜನೆ 3 × 5 × 17 × 257 × 641 × 65537 × 6700417.

641 ಎಲ್ಲಿಂದ ಬಂತು? ಸಿಕ್ಕಸಿಕ್ಕ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಬೇಕಿಲ್ಲ. 2³² + 1ನ್ನು ಭಾಗಿಸುವ ಯಾವುದೇ ಅವಿಭಾಜ್ಯ ಸಂಖ್ಯೆ 64ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು ಎಂಬುದು ಆಯ್ಲರ್ ಕಂಡುಕೊಂಡ ನಿಯಮ. ಆ ಆಕಾರದ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಐದನೆಯ ಪ್ರಯತ್ನಕ್ಕೇ ಬಾಗಿಲು ತೆರೆಯುತ್ತದೆ. ಭಾಗಾಕಾರವನ್ನೇ ಮಾಡದೆ ಇದನ್ನು ನೋಡುವ ಒಂದು ಯುಕ್ತಿಯೂ ಇದೆ. 641 = 5 × 128 + 1; ಆದ್ದರಿಂದ 5 × 2⁷ನ್ನು 641ರಿಂದ ಭಾಗಿಸಿದರೆ ಶೇಷ –1 ಎನ್ನಬಹುದು, ಅದರ ನಾಲ್ಕನೆಯ ಘಾತವಾದ 5⁴ × 2²⁸ರ ಶೇಷ 1. ಇನ್ನೊಂದು ಕಡೆ 641 = 625 + 16, ಅಂದರೆ 5⁴ + 2⁴; ಹಾಗಾಗಿ ಶೇಷದ ಮಟ್ಟಿಗೆ 5⁴ರ ಜಾಗದಲ್ಲಿ –2⁴ ಇಡಬಹುದು. ಇಟ್ಟಾಗ –2³²ರ ಶೇಷ 1 ಎಂದಾಗುತ್ತದೆ. ಅದನ್ನೇ ಬದಲಿಸಿ ಹೇಳಿದರೆ 2³² + 1 ನಿಶ್ಶೇಷವಾಗಿ ಭಾಗವಾಗುತ್ತದೆ.

6700417 ಅವಿಭಾಜ್ಯ ಎಂಬುದನ್ನು ತಮ್ಮ ಮಗಳು ಹತ್ತು ನಿಮಿಷದಲ್ಲಿ ಕಾಗದದ ಮೇಲೆ ಪರಿಶೀಲಿಸಬಹುದು. ಹನೋಯ್ ಗೋಪುರದ ಅದೇ ಲ್ಯೂಕಾ, ಆಯ್ಲರನ ನಿಯಮವನ್ನು ಬಿಗಿಗೊಳಿಸಿ, 64ರ ಬದಲು 128ರ ಗುಣಕಕ್ಕಿಂತ ಒಂದು ಹೆಚ್ಚಿರಬೇಕು ಎಂದು ತೋರಿಸಿದ. 6700417ರ ವರ್ಗಮೂಲ 2588ಕ್ಕಿಂತ ತುಸು ಹೆಚ್ಚು. ಅದರೊಳಗೆ ಆ ಆಕಾರದ ಅವಿಭಾಜ್ಯಗಳು 257, 641, 769, 1153, 1409 ಎಂಬ ಐದು ಮಾತ್ರ. ಒಂದೊಂದರಿಂದಲೂ ಭಾಗಿಸಿದಾಗ ಉಳಿಯುವ ಶೇಷಗಳು ಕ್ರಮವಾಗಿ 170, 44, 120, 334, 622. ಯಾವುದೂ ಸೊನ್ನೆಯಲ್ಲ, ಪರೀಕ್ಷೆ ಮುಗಿಯಿತು.

ಈ ಸುಲಭಕ್ಕೆ ಕಾರಣ ಸಂಖ್ಯೆ ಚಿಕ್ಕದಾಗಿರುವುದಲ್ಲ, ಅದರ ಆಕಾರ. ಮೂರೇ ಹೆಜ್ಜೆ ಮುಂದಿರುವ 2⁶⁷ – 1ನ್ನು, ಅಂದರೆ 147573952589676412927ನ್ನು ತೆಗೆದುಕೊಳ್ಳಿ. 67 ಅವಿಭಾಜ್ಯವಾದ್ದರಿಂದ 67 ಒಂದುಗಳನ್ನು ಸಮನಾದ ಕಂತೆಗಳಾಗಿ ಕಟ್ಟಲು ಬರುವುದಿಲ್ಲ, ಮೇಲಿನ ಸೂತ್ರಕ್ಕೆ ಹಿಡಿತವೇ ಸಿಗುವುದಿಲ್ಲ. 1644ರಲ್ಲಿ ಮರ್ಸೆನ್ ಅದನ್ನು ಅವಿಭಾಜ್ಯ ಎಂದು ಪಟ್ಟಿಮಾಡಿದ್ದ; 1876ರಲ್ಲಿ ಲ್ಯೂಕಾ ಅಲ್ಲವೆಂದು ಸಾಧಿಸಿದರೂ ಅಪವರ್ತನಗಳು ಅವನ ಕೈಗೆ ಸಿಗಲಿಲ್ಲ; 1903ರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ನ್ಯೂಯಾರ್ಕಿನ ಸಭೆಯೊಂದರಲ್ಲಿ 193707721 × 761838257287 ಎಂದು ಮುಂದಿಟ್ಟ. ಅದಕ್ಕೆ ಮೂರು ವರ್ಷಗಳ ಭಾನುವಾರಗಳು ಹಿಡಿದವು ಎಂಬ ಮಾತು ಗಣಿತದವರ ನಡುವೆ ಪ್ರಚಲಿತವಾಗಿದೆ.

ಈಗ ಆ ಚಿಕ್ಕ ತಮ್ಮನ ಸರದಿ. 4294967295 = 3 × 5 × 17 × 257 × 65537, ಎಂದರೆ ಗೊತ್ತಿರುವ ಐದೂ ಫರ್ಮಾ ಅವಿಭಾಜ್ಯಗಳ ಗುಣಲಬ್ಧ. 1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಗೌಸ್, ಹದಿನೇಳು ಬಾಹುಗಳ ನಿಯಮಿತ ಬಹುಭುಜವನ್ನು ಕೈವಾರ ಮತ್ತು ಗುರುತಿಲ್ಲದ ಪಟ್ಟಿಯಿಂದಲೇ ರಚಿಸಬಹುದು ಎಂದು ಕಂಡುಕೊಂಡ. ಬಾಹುಗಳ ಸಂಖ್ಯೆ ಬೆಸವಾಗಿದ್ದಾಗ ಇಂಥ ರಚನೆ ಸಾಧ್ಯವಾಗಬೇಕಾದರೆ ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವೇ ಆಗಿರಬೇಕು ಎಂಬುದನ್ನು 1837ರಲ್ಲಿ ವಾಂಟ್ಜೆಲ್ ಪೂರ್ಣಗೊಳಿಸಿದ. ಆದ್ದರಿಂದ 4294967295 ಬಾಹುಗಳ ಬಹುಭುಜವನ್ನು ತತ್ತ್ವತಃ ರಚಿಸಬಹುದು. ಬೆಸ ಬಾಹುಗಳವುಗಳಲ್ಲಿ ಗೊತ್ತಿರುವ ಅತಿ ದೊಡ್ಡದು ಅದೇ. (65537 ಬಾಹುಗಳ ರಚನೆಗಾಗಿ ಹರ್ಮೆಸ್ ಎಂಬ ಜರ್ಮನ್ ಗಣಿತಜ್ಞ ಹತ್ತು ವರ್ಷ ವ್ಯಯಿಸಿ ಸಿದ್ಧಪಡಿಸಿದ ಹಸ್ತಪ್ರತಿ ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿದೆ.) ನಮ್ಮ 64 ಬಿಟ್‌ನ ಅಣ್ಣನಿಗೆ ಆ ಭಾಗ್ಯವಿಲ್ಲ, ನಡುವೆ ಬಂದು ಕುಳಿತ 641 ಫರ್ಮಾ ಸಂಖ್ಯೆಯಲ್ಲ.

ಉಳಿದ ಕೆಲವು ಗುಣಗಳನ್ನು ಚುಟುಕಾಗಿ ಹೇಳುತ್ತೇನೆ. ಏಳು ಅವಿಭಾಜ್ಯಗಳೂ ಒಂದೊಂದೇ ಸಲ ಬರುವುದರಿಂದ ಇದಕ್ಕೆ 2⁷, ಅಂದರೆ 128 ಭಾಜಕಗಳಿವೆ. ತನ್ನನ್ನು ಬಿಟ್ಟು ಉಳಿದವನ್ನು ಕೂಡಿಸಿದರೆ ಬರುವುದು ಸಂಖ್ಯೆಯ ಶೇಕಡ 70ರಷ್ಟು ಮಾತ್ರ, ಹಾಗಾಗಿ ಇದು ಪರಿಪೂರ್ಣ ಸಂಖ್ಯೆಯಾಗುವುದರಿಂದ, ಅಂದರೆ ಆ ಮೊತ್ತ ಸಂಖ್ಯೆಗೇ ಸಮನಾಗುವುದರಿಂದ, ಬಹಳ ದೂರ. ಇದನ್ನು 8ರಿಂದ ಭಾಗಿಸಿದರೆ ಶೇಷ 7. ಯಾವುದೇ ವರ್ಗಸಂಖ್ಯೆಯನ್ನು 8ರಿಂದ ಭಾಗಿಸಿದರೆ ಶೇಷ 0, 1 ಅಥವಾ 4 ಮಾತ್ರ ಆಗಬಲ್ಲದು, ಮತ್ತು ಅವುಗಳಲ್ಲಿ ಮೂರನ್ನು ಹೇಗೆ ಕೂಡಿಸಿದರೂ 7 ಬರುವುದಿಲ್ಲ; ಆದ್ದರಿಂದ ಈ ಸಂಖ್ಯೆಯನ್ನು ಮೂರು ವರ್ಗಗಳ ಮೊತ್ತವಾಗಿ ಬರೆಯುವುದು ಅಸಾಧ್ಯ, ನಾಲ್ಕು ಬೇಕೇ ಬೇಕು. ನಾಲ್ಕು ಯಾವ ಸಂಖ್ಯೆಗಾದರೂ ಸಾಕು ಎಂದು ಲಗ್ರಾಂಜ್ 1770ರಲ್ಲಿ ಸಾಧಿಸಿದ್ದಾನೆ. ಇದರ ಕೆಳಗೆ ಅತ್ಯಂತ ಸಮೀಪದಲ್ಲಿರುವ ಅವಿಭಾಜ್ಯ 18446744073709551557, 58ರಷ್ಟು ಹಿಂದೆ.

ಕ್ಯಾಲ್ಕುಲೇಟರಿನ ತೊಂದರೆಗೆ ಕಾರಣವೂ ಬಿಟ್‌ಗಳೇ. ದಶಮಾಂಶ ಬಿಂದುವಿರುವ ಸಂಖ್ಯೆಗಳಿಗೆಂದು ಬಹುತೇಕ ಯಂತ್ರಗಳು ಬಳಸುವ ವ್ಯವಸ್ಥೆಯಲ್ಲಿ ಅಂಕೆಗಳಿಗೆ ಮೀಸಲಾದ ಜಾಗ 53 ಬಿಟ್‌ಗಳಷ್ಟೇ. ಇಷ್ಟು ಎತ್ತರದಲ್ಲಿ, ಎಂದರೆ 2⁶³ರಿಂದ 2⁶⁴ರವರೆಗೆ, ಅದು 2048ರ ಗುಣಕಗಳನ್ನು ಮಾತ್ರ ಹಿಡಿದಿಡಬಲ್ಲದು. 64 ಒಂದುಗಳ ನಮ್ಮ ಸಂಖ್ಯೆಯನ್ನು ಕೊಟ್ಟ ಕ್ಷಣವೇ ಅದು ತೀರ ಹತ್ತಿರದ 2⁶⁴ಕ್ಕೆ ಜಾರಿಬಿಡುತ್ತದೆ, ತೋರಿಸುವಾಗ ಕೊನೆಯ ಅಂಕೆಗಳನ್ನು ಸೊನ್ನೆ ಮಾಡಿ 18446744073709552000 ಎನ್ನುತ್ತದೆ. ಎಕ್ಸೆಲ್ ಹಾಳೆಯಲ್ಲಿ ಬೆರಳಚ್ಚಿಸಿದರೆ ಹದಿನೈದು ಅಂಕೆಗಳ ಬಳಿಕದವೆಲ್ಲ ಸೊನ್ನೆಯಾಗಿ 18446744073709500000 ಉಳಿಯುತ್ತದೆ. ಬೆಸ ಸಂಖ್ಯೆ ಸಮವಾಗಿ ಹೋದ ಮೇಲೆ ಅದರ ಅಪವರ್ತನಗಳನ್ನು ಅಲ್ಲಿ ಹುಡುಕಿ ಪ್ರಯೋಜನವಿಲ್ಲ.

ನಮ್ಮ ಸಂಖ್ಯೆಯನ್ನು 641ರಿಂದ ಕಾಗದದ ಮೇಲೆ ಭಾಗಿಸಿದರೆ ಹದಿನೇಳು ಹಂತಗಳ ಭಾಗಾಕಾರ ಅಷ್ಟೆ. ತಮ್ಮ ತಂದೆಯವರು 641ರ ಮಗ್ಗಿಯನ್ನು ಪಕ್ಕದಲ್ಲಿ ಬರೆದಿಟ್ಟುಕೊಂಡು ಆರಂಭಿಸಲಿ: 1844ರಲ್ಲಿ ಎರಡು ಸಲ, ಶೇಷ 562, 6ನ್ನು ಇಳಿಸಿಕೊಂಡರೆ 5626, ಅದರಲ್ಲಿ ಎಂಟು ಸಲ, ಶೇಷ 498, 7ನ್ನು ಇಳಿಸಿಕೊಂಡರೆ 4987, ಏಳು ಸಲ, ಶೇಷ 500. ಹೀಗೆ ಮುಂದುವರಿದು ಭಾಗಲಬ್ಧ 28778071877862015 ಆಗುತ್ತದೆ. ಕೊನೆಯ ಹಂತದಲ್ಲಿ ಉಳಿದ 320ರ ಪಕ್ಕಕ್ಕೆ ಕೊನೆಯ 5 ಇಳಿದು 3205 ಆಗುತ್ತದೆ, ಅದು 641ರ ಸರಿಯಾಗಿ ಐದರಷ್ಟು.